ಬಕಿಪೇಪರ್ ಪೊರೆ ಮಾಡುವ ಮುನ್ನ

ನೀರು ಸೋಸುವ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಪೂರ ಕೊಳವೆ) ಪೊರೆ ಎಂದೊಡನೆ 2006ರ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಫಲಿತಾಂಶ ನೆನಪಾಗುತ್ತದೆ. ನೆಟ್ಟಗೆ ನಿಂತ, 2 ನ್ಯಾನೊಮೀಟರಿಗಿಂತ ಸಪೂರ ಕೊಳವೆಗಳಲ್ಲಿ ನೀರು ಲೆಕ್ಕಾಚಾರ ಹೇಳಿದ್ದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಹರಿದಿತ್ತು. ಸಾಮಾನ್ಯ ಲ್ಯಾಬಿನಲ್ಲಿ ಕೈಗೆಟುಕುವುದು ಮಾತ್ರ ಬಕಿಪೇಪರ್: ಕೊಳವೆಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಹಾಳೆ.

20 ಮಿಲಿಗ್ರಾಂ ಬಹುಭಿತ್ತಿ (ಒಂದರೊಳಗೊಂದು ಹಲವು ಪದರಗಳಿರುವ) ನ್ಯಾನೊಟ್ಯೂಬನ್ನು ಫ್ಯೂಮ್ ಹುಡ್ (ಗಾಳಿ ಹೊರಗೆಳೆಯುವ ಲ್ಯಾಬ್ ಕಪಾಟು) ಒಳಗೇ ತೂಗಿ. ಈ ಪುಡಿ ಉಸಿರಿಗೆ ಸೇರಬಾರದು. 100 ಮಿಲಿಲೀಟರ್ ನೀರಿಗೆ ಶೇ 0.5ರಷ್ಟು ಟ್ರೈಟಾನ್ ಎಕ್ಸ್-100 (ಕೊಳವೆಗಳು ನೀರಿನಲ್ಲಿ ಹರಡಿಕೊಳ್ಳಲು ಬೇಕಾದ ಮಾರ್ಜಕ) ಬೆರೆಸಿ, ಪುಡಿ ಹಾಕಿ, ಐಸ್ ಮೇಲಿಟ್ಟು ಪ್ರೋಬ್ ಸೋನಿಕೇಟರಿನಲ್ಲಿ (ಕಡ್ಡಿ ಅದ್ದಿ ಶ್ರವಣಾತೀತ ಕಂಪನದಿಂದ ಗಂಟು ಬಿಡಿಸುವ ಸಾಧನ) ಬಿಟ್ಟು ಬಿಟ್ಟು 30 ನಿಮಿಷ ನಡೆಸಿ. ಐಸ್ ಮರೆತರೆ ಕೆಲಸ ಕೆಟ್ಟಂತೆಯೇ: 65 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಟ್ರೈಟಾನ್ ನೀರಿನಿಂದ ಬೇರ್ಪಟ್ಟು ಕೊಳವೆಗಳು ಗಂಟು ಕಟ್ಟುತ್ತವೆ. ಸಮಯ ಅತಿಯಾದರೆ ಕೊಳವೆಗಳು ತುಂಡಾಗಿ ಹಾಳೆ ಪುಡಿಪುಡಿಯಾಗುತ್ತದೆ.

47 ಮಿಲಿಮೀಟರ್ ಅಗಲದ, 0.45 ಮೈಕ್ರಾನ್ ರಂಧ್ರಗಳ, ನೀರು ಹಿಡಿಯದ ಟೆಫ್ಲಾನ್ ಅಂದರೆ ಪಿಟಿಎಫ್‌ಇ ಫಿಲ್ಟರನ್ನು ಮೊದಲು ಎಥನಾಲಿನಲ್ಲಿ ನೆನೆಸಿ. ಇಲ್ಲದಿದ್ದರೆ ನೀರು ಇಳಿಯುವುದೇ ಇಲ್ಲ. ನಿರ್ವಾತದಲ್ಲಿ ಸೋಸಿದ ಮೇಲೆ ನೊರೆ ನಿಲ್ಲುವವರೆಗೂ ನೀರಿನಿಂದ, ಆಮೇಲೆ ಐಸೊಪ್ರೊಪನಾಲಿನಿಂದ ತೊಳೆಯಿರಿ. ಸರಿಯಾಗಿ ತೊಳೆಯದಿದ್ದರೆ ಹಾಳೆಯಲ್ಲಿ ಉಳಿದ ಟ್ರೈಟಾನ್ ಮುಂದೆ ಸೋಸಿದ ನೀರಿಗೇ ಇಳಿಯುತ್ತದೆ. ಎರಡು ಫಿಲ್ಟರ್ ಕಾಗದಗಳ ನಡುವೆ ಭಾರ ಹೇರಿ ನಿಧಾನವಾಗಿ ಒಣಗಿಸಿ. ಅವಸರಪಟ್ಟರೆ ಅಂಚು ಸುರುಳಿ ಸುತ್ತಿ ಬಿರುಕು ಬಿಡುತ್ತದೆ.

ಈ ಹಾಳೆ ಬ್ಯಾಕ್ಟೀರಿಯಾ ತಡೆಯುತ್ತದೆ, ಉಪ್ಪನ್ನಲ್ಲ. ನೀರು ಸುತ್ತಿಕೊಂಡ ಸೋಡಿಯಂ ಅಯಾನಿನ ಅಗಲ ಸುಮಾರು 0.7 ನ್ಯಾನೊಮೀಟರ್, ಹೆಣಿಗೆಯ ಸಂದುಗಳು ಅದರ ಹತ್ತಾರು ಪಟ್ಟು ದೊಡ್ಡವು. ಸೋಸಿದ ನೀರಿನಲ್ಲಿ ಕಪ್ಪು ಛಾಯೆ ಕಂಡರೆ ಕೊಳವೆಗಳೇ ಕಳಚುತ್ತಿವೆ, ಆ ಹಾಳೆಯನ್ನು ಬಳಸಲೇಬೇಡಿ.