ನೀರನ್ನು ಅಳೆಯುವ ಗಾಳಿ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ನಮ್ಮ ಬೀದಿಯ ಬೋರ್‌ವೆಲ್ ಕೈಕೊಟ್ಟು, ಟ್ಯಾಂಕರ್ ಬಂದ ದಿನವೇ ಹಬ್ಬ ಎನ್ನುವಂತಾಗಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಅಂಥ ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂಬದಿಯ ಬಾಲ್ಕನಿಗೆ ಹೋದಾಗ, ವಾಷಿಂಗ್ ಮಷೀನಿನ ಹೊರಪೈಪಿನಿಂದ ಬೆರಳು ಗಾತ್ರದ ನೀರಿನ ಧಾರೆ ನೆಲದ ಜಾಲರಿಗೆ ಸದ್ದಿಲ್ಲದೆ ಹರಿಯುತ್ತಿರುವುದು ಕಣ್ಣಿಗೆ ಬಿತ್ತು. ಮಷೀನು ಆಗ ಬಟ್ಟೆಯನ್ನು ಕಲಕುತ್ತಿತ್ತು. ಆ ಹಂತದಲ್ಲಿ ಒಂದು ಹನಿಯೂ ಹೊರಗೆ ಹೋಗಬಾರದು. ಮಧ್ಯಾಹ್ನಕ್ಕೇ ಓವರ್‌ಹೆಡ್ ಟ್ಯಾಂಕು ಬರಿದಾಗುತ್ತಿದ್ದುದರ ಗುಟ್ಟು ಆ ಕ್ಷಣದಲ್ಲಿ ಅರ್ಧ ಬಯಲಾಯಿತು.

ನಮ್ಮದು ಮೇಲಿನಿಂದ ಬಟ್ಟೆ ಹಾಕುವ, ಆರೂವರೆ ಕೆಜಿಯ, ಒಂಬತ್ತು ವರ್ಷ ಹಳೆಯ ಮಷೀನು. ಕರೆಸಿದ ಮೆಕ್ಯಾನಿಕ್ ಮುಚ್ಚಳ ತೆಗೆದು ಇಣುಕಿ, ಎರಡು ಗುಂಡಿ ಒತ್ತಿ, ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಹೋಗಿದೆ, ಆರು ಸಾವಿರವಾಗುತ್ತದೆ ಎಂದು ಹೇಳಿ ಹೊರಟುಹೋದರು. ಅವರ ಮಾತು ಸುಳ್ಳೆಂದು ಹೇಳಲು ನನ್ನಲ್ಲಿ ಆಗ ಯಾವ ಆಧಾರವೂ ಇರಲಿಲ್ಲ. ಆದರೆ ಏನನ್ನೂ ಅಳೆಯದೆ ಕೊಟ್ಟ ತೀರ್ಪಿಗೆ ಆರು ಸಾವಿರ ತೆರಲು ಮನಸ್ಸೂ ಒಪ್ಪಲಿಲ್ಲ.

ನನಗೆ ಮೊದಲು ಸಂಶಯ ಬಂದದ್ದು ನೀರು ಹೊರಬಿಡುವ ವಾಲ್ವಿನ ಮೇಲೆ. ಅದರ ಬಾಯಿಗೆ ನೂಲಿನ ಜುಂಗೋ ಕೋಟಿನ ಗುಂಡಿಯೋ ಸಿಕ್ಕಿಕೊಂಡು ನೀರು ಜಿನುಗುತ್ತಿರಬಹುದು, ಕಡಿಮೆಯಾದದ್ದನ್ನು ಮಷೀನು ಮತ್ತೆ ಮತ್ತೆ ತುಂಬಿಕೊಳ್ಳುತ್ತಿರಬಹುದು ಎಂದುಕೊಂಡೆ. ಇದನ್ನು ಪರೀಕ್ಷಿಸುವ ಉಪಾಯ ಹೊಳೆದದ್ದು ಕನ್ನಡಿಯ ಅಂಚಿಗೆ ಹೆಂಡತಿ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟುಗಳನ್ನು ನೋಡಿದಾಗ. ಬಟ್ಟೆ ಹಾಕದೆ ಮಷೀನಿಗೆ ನೀರು ತುಂಬಿಸಿ, ಅದು ತಾನಾಗಿ ನಿಂತ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಡ್ರಮ್ಮಿನ ಒಣ ಭಾಗದಲ್ಲಿ ಒಂದು ಕೆಂಪು ಬೊಟ್ಟು ಅಂಟಿಸಿದೆ. ಬಳಿಕ ಪ್ಲಗ್ ಕಿತ್ತು, ನಲ್ಲಿಯನ್ನು ತೆರೆದೇ ಬಿಟ್ಟು ಅರ್ಧ ಗಂಟೆ ಕಾದೆ. ನೀರು ಬೊಟ್ಟಿನ ಬಳಿಯೇ ನಿಂತಿತ್ತು, ಏರಲೂ ಇಲ್ಲ ಇಳಿಯಲೂ ಇಲ್ಲ. ಇಳಿಯದ ಕಾರಣ ಹೊರಗಿನ ವಾಲ್ವು ಸರಿಯಾಗಿದೆ. ವಿದ್ಯುತ್ತಿಲ್ಲದಾಗ ಏರದ ಕಾರಣ ಒಳಗೆ ನೀರು ಬಿಡುವ ವಾಲ್ವೂ ಸರಿಯಾಗಿಯೇ ಮುಚ್ಚಿಕೊಳ್ಳುತ್ತಿದೆ. ಒಂದೇ ಬೊಟ್ಟು ಇಬ್ಬರು ಆರೋಪಿಗಳನ್ನು ಬಿಡುಗಡೆ ಮಾಡಿತು. ಮತ್ತೆ ಪ್ಲಗ್ ಹಾಕಿ ಒಗೆತಕ್ಕೆ ಬಿಟ್ಟಾಗ, ಇಪ್ಪತ್ತು ನಿಮಿಷದೊಳಗೆ ನೀರು ಬೊಟ್ಟನ್ನು ಮುಳುಗಿಸಿ ನಾಲ್ಕು ಬೆರಳು ಮೇಲೇರಿತ್ತು. ಹೀಗೆ ಏರುತ್ತ ಹೋದ ನೀರು, ಡ್ರಮ್ಮನ್ನು ಸುತ್ತುವರಿದ ಹೊರತೊಟ್ಟಿಯ ಮೇಲ್ಭಾಗದ ಕಿಂಡಿಯನ್ನು ಮುಟ್ಟಿ, ಅಲ್ಲಿಂದ ಅದೇ ಹೊರಪೈಪಿಗೆ ಇಳಿದು ಚರಂಡಿ ಸೇರುತ್ತಿತ್ತು. ನೆಲ ಒದ್ದೆಯಾಗದಿರಲೆಂದು ಮಾಡಿದ ಆ ಏರ್ಪಾಡೇ ಇಷ್ಟು ದಿನ ದೋಷವನ್ನು ಮುಚ್ಚಿಟ್ಟಿತ್ತು.

ಅಂದರೆ ಯಂತ್ರ ಬೇಕೆಂದೇ ನೀರು ಕೇಳುತ್ತಿತ್ತು, ತನ್ನೊಳಗೆ ಇರುವ ನೀರು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ವಾಸ್ತವವಾಗಿ ಬಹುತೇಕ ವಾಷಿಂಗ್ ಮಷೀನುಗಳು ತಮ್ಮೊಳಗಿನ ನೀರಿನ ಮಟ್ಟವನ್ನು ನೇರವಾಗಿ ಅಳೆಯುವುದಿಲ್ಲ. ಹೊರತೊಟ್ಟಿಯ ಬುಡದಲ್ಲಿ ಬೋರಲು ಹಾಕಿದ ಲೋಟದಂಥ ಒಂದು ಸಣ್ಣ ಗೂಡು ಇರುತ್ತದೆ. ಅದರ ನೆತ್ತಿಯಿಂದ ಪೆನ್ಸಿಲ್ ದಪ್ಪದ ಒಂದು ರಬ್ಬರ್ ನಳಿಗೆ ಮೇಲಿನ ಪ್ಯಾನೆಲ್‌ವರೆಗೆ ಹೋಗಿ, ಕುಂಕುಮದ ಭರಣಿಯಷ್ಟು ದೊಡ್ಡ ದುಂಡನೆಯ ಸೆನ್ಸರ್‌ಗೆ ಕೂಡಿಕೊಳ್ಳುತ್ತದೆ. ತೊಟ್ಟಿಯಲ್ಲಿ ನೀರು ಏರಿದಾಗ ಗೂಡಿನೊಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಹಿಸುಕಿಕೊಂಡು, ಆ ಒತ್ತಡ ನಳಿಗೆಯ ಮೂಲಕ ಸೆನ್ಸರ್‌ನ ರಬ್ಬರ್ ಪೊರೆಯನ್ನು ಒತ್ತುತ್ತದೆ. ಹಳೆಯ ಮಷೀನುಗಳಲ್ಲಿ ಆ ಪೊರೆ ಒಂದು ಸ್ವಿಚ್ಚನ್ನು 'ಕ್ಲಿಕ್' ಎನ್ನಿಸುತ್ತಿತ್ತು. ಈಗಿನ ಹಲವು ಮಷೀನುಗಳಲ್ಲಿ ಪೊರೆಗೆ ಅಂಟಿದ ಫೆರೈಟ್ ಎಂಬ ಕಾಂತೀಯ ವಸ್ತುವಿನ ತುಂಡು ತಂತಿಯ ಸುರುಳಿಯೊಳಗೆ ಸರಿಯುತ್ತದೆ, ಆಗ ಬದಲಾಗುವ ವಿದ್ಯುತ್ ಆವರ್ತನವನ್ನು ಓದಿ ಬೋರ್ಡು ನೀರಿನ ಮಟ್ಟವನ್ನು ತಿಳಿದುಕೊಳ್ಳುತ್ತದೆ. ಒತ್ತಡವೂ ಬಹಳ ಅಲ್ಪ. ಒಂದು ಸೆಂಟಿಮೀಟರ್ ನೀರಿಗೆ 98 ಪಾಸ್ಕಲ್ ಲೆಕ್ಕದಲ್ಲಿ, ಮೂವತ್ತು ಸೆಂಟಿಮೀಟರ್ ನೀರು ಉಂಟುಮಾಡುವುದು ಸುಮಾರು ಮೂರು ಸಾವಿರ ಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ನೂರರಲ್ಲಿ ಮೂರು ಪಾಲು ಮಾತ್ರ. ಗಾಳಿಯನ್ನು ಒತ್ತಿದಷ್ಟೂ ಅದರ ಗಾತ್ರ ಕುಗ್ಗುತ್ತದೆಂದು 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅದು ನಮ್ಮ ಮನೆಯ ಬಾಲ್ಕನಿಯಲ್ಲಿ ದಿನವೂ ಕೆಲಸ ಮಾಡುತ್ತಿದೆ ಎಂಬುದು ಹೊಳೆದಿರಲಿಲ್ಲ.

ಪ್ಲಗ್ ಕಿತ್ತು, ತೊಟ್ಟಿ ಖಾಲಿ ಮಾಡಿ, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದೆ. ಸೆನ್ಸರ್‌ನ ಕನೆಕ್ಟರ್ ತೆಗೆದು ಮಲ್ಟಿಮೀಟರ್ ಹಿಡಿದಾಗ ಸುರುಳಿಯ ರೋಧ 22 ಓಮ್ ತೋರಿಸಿತು. ತಂತಿ ಕಡಿದಿಲ್ಲ ಎಂಬುದಕ್ಕೆ ಅಷ್ಟು ಸಾಕಿತ್ತು. ನಳಿಗೆಯ ಕೆಳತುದಿಯನ್ನು ಕಳಚಿದಾಗ ಗಾಳಿಗೂಡಿನ ಬಾಯಲ್ಲಿ ಹಳಸಿದ ರಾಗಿ ಅಂಬಲಿಯಂಥ ಬೂದು ಲೋಳೆ ಕಾಣಿಸಿತು. ಬೋರ್‌ವೆಲ್ಲಿನ ಗಡಸು ನೀರು, ಸೋಪಿನ ಪುಡಿ, ಬಟ್ಟೆಯ ನೂಲು ಈ ಮೂರೂ ಕೂಡಿದರೆ ಆಗುವುದು ಅದೇ. ಕಳ್ಳ ಸಿಕ್ಕಿಬಿದ್ದನೆಂದು ಹಿಗ್ಗಿ, ಬಿಸಿನೀರಿಗೆ ನಿಂಬೆ ಉಪ್ಪು ಕರಗಿಸಿ ಹಳೆಯ ಟೂತ್‌ಬ್ರಷ್‌ನಿಂದ ಗೂಡಿನ ಬಾಯನ್ನು ತಿಕ್ಕಿ ತೊಳೆದೆ, ನಳಿಗೆಯೊಳಗೂ ಬಿಸಿನೀರು ಹಾಯಿಸಿ ಒಣಗಿಸಿದೆ. ಎಲ್ಲವನ್ನೂ ಜೋಡಿಸಿ ನೀರು ತುಂಬಿಸಿದಾಗ ಸರಿಯಾಗಿ ಬೊಟ್ಟಿನ ಬಳಿ ನಿಂತಿತು. ರೋಗ ವಾಸಿಯಾಯಿತೆಂದು ಮನೆಯಲ್ಲಿ ಘೋಷಿಸಿದೆ. ಮಾರನೆಯ ದಿನದ ಒಗೆತಕ್ಕೆ ಜಾಲರಿಯಲ್ಲಿ ಮತ್ತೆ ಅದೇ ಧಾರೆ.

ನಾನು ಎಡವಿದ್ದು ಎಲ್ಲಿ ಎಂಬುದು ರಾತ್ರಿ ಮಲಗಿದ ಮೇಲೆ ಸ್ಪಷ್ಟವಾಯಿತು. ಕೊಳೆ ಕಟ್ಟಿಕೊಂಡ ನಳಿಗೆಯ ಲಕ್ಷಣವೇ ಬೇರೆ: ಅದರಲ್ಲಿ ಒತ್ತಡ ಮೇಲೆ ತಲುಪದೆ ನೀರು ಮೊದಲ ಸಲವೇ ನಿಲ್ಲದೆ ತುಂಬುತ್ತದೆ, ಅಥವಾ ಒತ್ತಡ ಒಳಗೇ ಸಿಕ್ಕಿಕೊಂಡು, ತೊಟ್ಟಿ ಖಾಲಿಯಾದರೂ ನೀರಿದೆಯೆಂದು ಭ್ರಮಿಸಿ ಮಷೀನು ಹಿಂಡಲು ಒಪ್ಪುವುದಿಲ್ಲ. ನಮ್ಮದು ಮೊದಲು ಸರಿಯಾಗಿಯೇ ನಿಲ್ಲುತ್ತಿತ್ತು. ಹೊತ್ತು ಕಳೆದಂತೆ ಮರೆಯುತ್ತಿತ್ತು. ಇದು ಗಾಳಿ ಸೋರುವ ಲಕ್ಷಣ. ಹಿಸುಕಿದ ಗಾಳಿ ಎಲ್ಲಿಂದಲೋ ನಿಧಾನವಾಗಿ ಹೊರಟುಹೋದಂತೆ ಒತ್ತಡ ಇಳಿಯುತ್ತದೆ, ನೀರು ಕಡಿಮೆಯಾಯಿತೆಂದು ಬೋರ್ಡು ವಾಲ್ವನ್ನು ಮತ್ತೆ ತೆರೆಯುತ್ತದೆ. ಮುಂಚಿನ ದಿನ ನಾನು ತುಂಬುವ ಎರಡು ನಿಮಿಷವನ್ನು ನೋಡಿದ್ದೆನೇ ಹೊರತು, ಬೊಟ್ಟು ಮುಳುಗಲು ಬೇಕಾದ ಇಪ್ಪತ್ತು ನಿಮಿಷ ಕಾದಿರಲಿಲ್ಲ. ಆ ಲೋಳೆ ನಿಜವಾಗಿಯೂ ಇತ್ತು, ಆದರೆ ನನ್ನ ದೋಷಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ನಳಿಗೆಯನ್ನು ಪೂರ್ತಿ ಹೊರತೆಗೆದು, ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇಡೀ ಉದ್ದವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಇನ್ನೊಂದು ತುದಿಯಿಂದ ಊದಿದೆ. ಸೈಕಲ್ ಶಾಪಿನವನು ಟ್ಯೂಬನ್ನು ಬಾಣಲೆಯ ನೀರಿನಲ್ಲಿ ತಿರುಗಿಸುತ್ತ ಪಂಕ್ಚರ್ ಹುಡುಕುವ ಕ್ರಮವೇ ಇದು. ಮೊದಲು ಏನೂ ಕಾಣಲಿಲ್ಲ. ನಳಿಗೆಯನ್ನು ತುಸು ಬಾಗಿಸಿ ಊದಿದಾಗ, ನಡುವಿನಲ್ಲಿ ಒಂದು ಕಡೆಯಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ದಾರ ಪೋಣಿಸಿದಂತೆ ಮೇಲೆ ಬಂದವು. ಆ ಜಾಗವನ್ನು ಒರೆಸಿ ಬೆಳಕಿಗೆ ಹಿಡಿದರೆ, ಉಗುರಿನಷ್ಟು ಅಗಲ ರಬ್ಬರ್ ಸವೆದು ನುಣ್ಣಗಾಗಿತ್ತು, ಅದರ ನಡುವೆ ಕೂದಲೆಳೆಯಂಥ ಸೀಳು. ಹಿಂಡುವಾಗ ತೊಟ್ಟಿ ಓಲಾಡಿದಂತೆಲ್ಲ ನಳಿಗೆ ತಗಡಿನ ಅಂಚಿಗೆ ಉಜ್ಜಿ ಉಜ್ಜಿ, ವರ್ಷಗಳ ಮೇಲೆ ಇಷ್ಟಾಗಿತ್ತು. ನಳಿಗೆಯನ್ನು ಹಿಡಿದಿಡಬೇಕಾದ ಪ್ಲಾಸ್ಟಿಕ್ ಕೊಕ್ಕೆ ಮುರಿದು ತಳದಲ್ಲಿ ಬಿದ್ದಿತ್ತು. ಇಲ್ಲೊಂದು ಎಚ್ಚರಿಕೆ ಹೇಳಬೇಕು: ನಳಿಗೆ ಸೆನ್ಸರ್‌ಗೆ ಅಂಟಿಕೊಂಡಿರುವಾಗ ಹೀಗೆ ಬಲವಾಗಿ ಊದಬಾರದು. ಮನುಷ್ಯನ ಎದೆಯ ಬಲ ಆ ಮೂರು ಸಾವಿರ ಪಾಸ್ಕಲ್‌ಗಳನ್ನು ಸಲೀಸಾಗಿ ಮೀರುತ್ತದೆ, ಪೊರೆ ಕೆಟ್ಟರೆ ಸುಳ್ಳಾಗಿದ್ದ ರೋಗ ನಿಜವಾಗುತ್ತದೆ.

ಅಂಟು ಸುತ್ತುವ ಆಸೆಯಾಯಿತು. ಓಲಾಡುವ ಜಾಗದಲ್ಲಿ ಅಂಟು ನಿಲ್ಲುವುದಿಲ್ಲವೆಂದು ಬಿಟ್ಟೆ. ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಹಳೆಯ ತುಂಡನ್ನು ತೋರಿಸಿ, ಅದೇ ಒಳಅಳತೆಯ ಸಿಲಿಕೋನ್ ನಳಿಗೆಯನ್ನು ಒಂದೂವರೆ ಮೀಟರ್ ಕೊಂಡು, ಎರಡು ಕ್ಲಿಪ್ಪುಗಳೂ ಸೇರಿ 140 ರೂಪಾಯಿ ಕೊಟ್ಟೆ. ಬಸ್ಸಿನ ಖರ್ಚು ಬೇರೆ. ತಗಡಿನ ಅಂಚಿಗೆ ಹಳೆಯ ನಳಿಗೆಯನ್ನೇ ಉದ್ದಕ್ಕೆ ಸೀಳಿ ಹೊದಿಸಿದೆ, ಹೊಸದನ್ನು ಕೇಬಲ್ ಟೈ ಹಾಕಿ ದೂರಕ್ಕೆ ಕಟ್ಟಿದೆ.

ಇಷ್ಟಾದ ಮೇಲೂ ಒಂದು ತಪ್ಪು ಬಾಕಿಯಿತ್ತು. ಬುಡದ ಜೋಡಣೆಯಲ್ಲಿ ನೀರು ಜಿನುಗುವುದೇ ಎಂದು ನೋಡಲು, ನಳಿಗೆಯ ಮೇಲ್ತುದಿಯನ್ನು ಇನ್ನೂ ಸೆನ್ಸರ್‌ಗೆ ಸಿಕ್ಕಿಸದೆ, ತೊಟ್ಟಿಗೆ ಎರಡು ಬಕೆಟ್ ನೀರು ಸುರಿದೆ. ಜಿನುಗಲಿಲ್ಲ. ಸಂತೋಷದಿಂದ ಮೇಲ್ತುದಿಯನ್ನು ಸೆನ್ಸರ್‌ಗೆ ಹಾಕಿ ಮಷೀನು ಚಾಲೂ ಮಾಡಿದರೆ, ನೀರು ಬೊಟ್ಟನ್ನು ದಾಟಿ ಏರುತ್ತಲೇ ಹೋಯಿತು. ಎದೆ ಧಸಕ್ಕೆಂದಿತು, ಬೋರ್ಡೇ ಹೋಗಿರಬೇಕು, ಮೆಕ್ಯಾನಿಕ್ ಹೇಳಿದ್ದೇ ಸರಿ ಎನ್ನಿಸಿತು. ಮೇಲ್ತುದಿ ತೆರೆದಿದ್ದಾಗ ಗೂಡಿನ ಗಾಳಿ ಹೊರಹೋಗಿ, ನಳಿಗೆಯೊಳಗೂ ತೊಟ್ಟಿಯಷ್ಟೇ ನೀರು ಏರಿ ನಿಂತಿತ್ತೆಂದು ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಆ ಎರಡು ಬಕೆಟ್ಟನ್ನೇ ಸೊನ್ನೆಯೆಂದು ಬಗೆದು, ಅಲ್ಲಿಂದ ಮುಂದಕ್ಕೆ ಸೆನ್ಸರ್ ಎಣಿಸುತ್ತಿತ್ತು. ಬಿಚ್ಚುವ ಅಗತ್ಯವೂ ಇರಲಿಲ್ಲ. ನೀರನ್ನು ಪೂರ್ತಿ ಹೊರಬಿಟ್ಟರೆ ಗೂಡಿನೊಳಕ್ಕೆ ಗಾಳಿ ತಾನಾಗಿ ಮರಳುತ್ತದೆ. ಹೊರಪೈಪಿಗೆ ಬಕೆಟ್ಟು ಒಡ್ಡಿ ಆ ನೀರನ್ನು ಹಿಡಿದಿಟ್ಟು ಬಚ್ಚಲಿಗೆ ಸಾಗಿಸಿದೆವು. ಆ ತಿಂಗಳು ಹಾಗೆ ಚೆಲ್ಲುವ ಧೈರ್ಯ ಯಾರಿಗೂ ಇರಲಿಲ್ಲ.

ಮರುದಿನ ಬಟ್ಟೆ ಹಾಕಿ, ಈ ಸಲ ಒಂದು ಕುರ್ಚಿ ತಂದುಕೊಂಡು ಪೂರ್ತಿ ಇಪ್ಪತ್ತೈದು ನಿಮಿಷ ಮಷೀನಿನ ಪಕ್ಕದಲ್ಲೇ ಕುಳಿತೆ. ಜಾಲರಿ ಕೊನೆಯವರೆಗೂ ಒಣಗಿಯೇ ಇತ್ತು. ಬೊಟ್ಟು ಮಾತ್ರ ಡ್ರಮ್ಮಿನಿಂದ ಕಳಚಿಕೊಂಡು, ಒಣಗಲು ಹರವುವಾಗ ನನ್ನ ಬಿಳಿ ಅಂಗಿಯ ಬೆನ್ನಿನ ಮೇಲೆ ಸಿಕ್ಕಿತು.