ಬಾದಾಮಿ, ಐಹೊಳೆ, ಪಟ್ಟದಕಲ್ಲು: ಶಾಸನ ಓದಲು ಹೋಗುವವರಿಗೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನ ತೋರಿಸಿ ಸಂಜೆ ರೈಲಿಗೆ ಬಿಡುತ್ತೇನೆ ಎಂದು ಯಾರೇ ಹೇಳಿದರೂ ಒಪ್ಪಿಕೊಳ್ಳಬೇಡಿ. ನಮಗೆ ಹಾಗೆ ಹೇಳಿದ ಬಾಡಿಗೆ ಕಾರಿನವನು 2,800 ರೂಪಾಯಿಗೆ ಮಾತು ಮುಗಿಸಿದ್ದ. ಐಹೊಳೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ದುರ್ಗದ ಗುಡಿಯ ಮುಂದೆ ಗಾಡಿ ನಿಲ್ಲಿಸಿದವನೇ ನಲವತ್ತು ನಿಮಿಷದ ಗಡುವು ಹಾಕಿದ. ಮೀರಿದರೆ ಕಾಯುವ ದುಡ್ಡು ಬೇರೆ ಎಂದ. ಮೇಗುತಿ ಗುಡ್ಡ ಹತ್ತಬೇಕೆಂದು ಅಕ್ಕ ಹೇಳಿದ್ದಕ್ಕೆ, "ಅಲ್ಲೇನಿದೆ, ಬರೀ ಕಲ್ಲು" ಎಂದು ಮುಖ ತಿರುಗಿಸಿದ. ದುಡ್ಡು ಹೋದದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಅವನು ಬರೀ ಕಲ್ಲು ಎಂದದ್ದರ ಮೇಲೆ ಕ್ರಿ.ಶ. 634ರ ಕವಿ ರವಿಕೀರ್ತಿಯ ಶಾಸನವಿದೆ. ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ಬಗ್ಗೆ ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದರಲ್ಲಿ ಹೆಚ್ಚಿನದು ಆ ಕಲ್ಲಿನಿಂದ ಬಂದದ್ದು.

ಅವತ್ತು ಹಾಗೇ ವಾಪಸಾಗಿ, ಬೇರೊಂದು ದಿನ ಐಹೊಳೆಗೆಂದೇ ಬಸ್ಸಿನಲ್ಲಿ ಹೋದೆವು. ನೀವು ಮೊದಲೇ ಹಾಗೆ ಮಾಡಿ.

ಮೇಗುತಿಗೆ ಎಲ್ಲರೂ ಬಿಸಿಲಿಗೆ ಹೆದರಿ ಬೆಳಗ್ಗೆ ಏಳಕ್ಕೇ ಹತ್ತಲು ಹೇಳುತ್ತಾರೆ. ಶಾಸನ ಓದುವ ಆಸೆಯಿದ್ದರೆ ಆ ಸಲಹೆಯನ್ನು ಬಿಡಿ. ಶಾಸನವಿರುವುದು ಗುಡ್ಡದ ಮೇಲಿನ ಜೈನ ಬಸದಿಯ ಪೂರ್ವದ ಹೊರಗೋಡೆಯಲ್ಲಿ. ಬೆಳಗಿನ ಬಿಸಿಲು ನೇರವಾಗಿ ಅದರ ಮುಖಕ್ಕೆ ಹೊಡೆಯುತ್ತದೆ, ಅಕ್ಷರದ ಗೀರುಗಳಲ್ಲಿ ನೆರಳೇ ಬೀಳುವುದಿಲ್ಲ. ಹನ್ನೊಂದರ ನಂತರ ಸೂರ್ಯ ನೆತ್ತಿಗೆ ಬರುತ್ತಿದ್ದಂತೆ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯಲು ತೊಡಗುತ್ತದೆ. ಆಗ ಒಂದೊಂದೇ ಸಾಲು ಎದ್ದು ಬರುತ್ತದೆ. ಮೊದಲು ಕಾಣುವುದು ಅಕ್ಷರಗಳ ತಲೆಕಟ್ಟು, ಆಮೇಲೆ ಅವುಗಳ ದುಂಡು ಹೊಟ್ಟೆ, ಕೊನೆಗೆ ಒತ್ತಕ್ಷರಗಳು. ಹತ್ತೊಂಬತ್ತು ಸಾಲು, ಮೂವತ್ತೇಳು ಶ್ಲೋಕ. ಭಾಷೆ ಸಂಸ್ಕೃತ, ಲಿಪಿ ನಮ್ಮದೇ ಕನ್ನಡದ ಹಳೆಯ ರೂಪ. ಲಿಪಿಯ ಅಭ್ಯಾಸವಿಲ್ಲದವರಿಗೂ ಸ್ವಲ್ಪ ಹೊತ್ತು ದಿಟ್ಟಿಸಿದರೆ ಕೆಲವು ಅಕ್ಷರಗಳು ಗುರುತು ಸಿಗುತ್ತವೆ. ಹರ್ಷವರ್ಧನನ ಮೇಲಿನ ಗೆಲುವು, ಪುಲಿಕೇಶಿಯ ಸೇನೆಯೆಬ್ಬಿಸಿದ ಧೂಳಿಗೆ ಮಂಕಾಗಿ ಕಾಂಚಿಯ ಕೋಟೆಯ ಹಿಂದೆ ಅಡಗಿದ ಪಲ್ಲವ, ಭಾರತ ಯುದ್ಧದಿಂದ 3735 ವರ್ಷ ಮತ್ತು ಶಕ ವರ್ಷ 556 ಎಂಬ ಲೆಕ್ಕ, ಕಾಳಿದಾಸ ಮತ್ತು ಭಾರವಿಯ ಕೀರ್ತಿಯನ್ನು ತಾನೂ ಪಡೆದಿದ್ದೇನೆ ಎಂಬ ರವಿಕೀರ್ತಿಯ ಹೆಮ್ಮೆ, ಎಲ್ಲವೂ ಅಲ್ಲಿವೆ. ಕಾಳಿದಾಸ ಬದುಕಿದ್ದ ಕಾಲವನ್ನು ಚರ್ಚಿಸುವವರು ಇಂದಿಗೂ ಈ ಗೋಡೆಯನ್ನು ಸಾಕ್ಷಿಗೆ ಕರೆಯುತ್ತಾರೆ.

ಟೊಪ್ಪಿಗೆ, ಎರಡು ಬಾಟಲಿ ನೀರು ಒಯ್ಯಿರಿ, ಗುಡ್ಡದ ಮೇಲೆ ಏನೂ ಸಿಗುವುದಿಲ್ಲ. ಹತ್ತುವ ದಾರಿಯಲ್ಲಿ ಅರ್ಧ ಬಂಡೆ ಕೊರೆದು ಅರ್ಧ ಕಟ್ಟಿದ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಅಲ್ಲಿನ ನೆರಳಿನಲ್ಲಿ ಕುಳಿತು ಬಿಸಿಲು ಸರಿಯುವುದನ್ನು ಕಾಯಬಹುದು.

ಇನ್ನು ಆ ಬಸ್ಸು. ಐಹೊಳೆಗೆ ಹೋಗುವುದು ಕಷ್ಟವಲ್ಲ, ಬರುವುದು ಕಷ್ಟ. ಎರಡು ಗಂಟೆಗೆ ಬರಬೇಕಾದ ಬಸ್ಸಿಗಾಗಿ ಕಟ್ಟೆಯ ಮೇಲೆ ಕುಳಿತವರು ನಾವಷ್ಟೇ ಅಲ್ಲ, ಶಾಲೆ ಬಿಟ್ಟ ಮಕ್ಕಳು, ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಒಬ್ಬ ತಾಯಿ, ಶೇಂಗಾ ಚೀಲ ಇಟ್ಟುಕೊಂಡಿದ್ದ ರೈತರು. ಅದು ಬಂದದ್ದು ಮೂರೂಮುಕ್ಕಾಲಿಗೆ, ಅದೂ ಆಗಲೇ ಕಿಕ್ಕಿರಿದು. ಮಕ್ಕಳನ್ನು ಹತ್ತಿಸಿಕೊಳ್ಳಲು ನಿರ್ವಾಹಕ ಒಪ್ಪಲಿಲ್ಲ. ಪಾಸಿನವರು ಮುಂದಿನದಕ್ಕೆ ಬನ್ನಿ ಎಂದ. ಮುಂದಿನದು ಯಾವಾಗ ಎಂದು ರೈತರೊಬ್ಬರು ಗದರಿದ ಮೇಲೆ ಎಲ್ಲರನ್ನೂ ತುಂಬಿಕೊಂಡ. ಎರಡು ಚೀಲಗಳ ನಡುವೆ ಒಂದೇ ಕಾಲಿನ ಮೇಲೆ ನಿಂತು ಬಂದೆವು. ಜನಸಂದಣಿ ನನಗೆ ಆಗುವುದಿಲ್ಲ, ಆದರೂ ಹೇಳುತ್ತೇನೆ: ಆ ಹಳ್ಳಿಯ ಮಕ್ಕಳು ಇದನ್ನು ದಿನವೂ ಅನುಭವಿಸುತ್ತಾರೆ. ವಿಶ್ವಪರಂಪರೆಯ ತಾಣದ ಪಕ್ಕದ ಊರಿಗೆ ನೆಟ್ಟಗೆ ನಾಲ್ಕು ಬಸ್ಸು ಇರಬೇಡವೇ? ನೀವು ಹಿಂದಿರುಗುವಾಗ ಬಸ್ಸಿಗೇ ಜೋತು ಬೀಳದೆ ಟಂಟಂ (ಹಂಚಿಕೊಂಡು ಹೋಗುವ ಆಟೋ) ಹಿಡಿದು ಅಮೀನಗಡಕ್ಕೆ ಹೋಗಿ. ಅಲ್ಲಿಂದ ಬಸ್ಸುಗಳು ಸಿಗುತ್ತವೆ, ಕಾಯುವಾಗ ಕರದಂಟೂ ಕೊಳ್ಳಬಹುದು.

ಬಾದಾಮಿಯ ಗುಹೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹದಿನೆಂಟು ಕೈಗಳ ನಟರಾಜನ ಚಿತ್ರ ನೋಡದವರು ಯಾರಿದ್ದಾರೆ? ಆದರೆ ಮೂರನೆಯ ಗುಹೆಯಲ್ಲಿ ಮಾರ್ಗದರ್ಶಕರ ಮಾತಿಗೆ ಕಿವಿಗೊಟ್ಟು ಮುಂದೆ ಹೋಗಿಬಿಡಬೇಡಿ. ನಮಗೆ ಸಿಕ್ಕವರು ಕಂಬದ ದಂಪತಿ ಶಿಲ್ಪಗಳ ಮುಂದೆ ಕಾಲು ಗಂಟೆ ಸಿನಿಮಾ ಕಥೆ ಹೇಳಿ, ಶಾಸನ ಎಲ್ಲಿದೆ ಎಂದು ಕೇಳಿದಾಗ ಅಳಿಸಿಹೋಗಿದೆ ಎಂದರು. ಅಳಿಸಿಲ್ಲ. ಪಡಸಾಲೆಯ ಅರೆಗಂಬದ ಮೇಲೆ ಚಾಲುಕ್ಯ ಅರಸುಮನೆತನದ ಮಂಗಳೇಶನ ಸಂಸ್ಕೃತ ಶಾಸನ ಇದೆ, ಶಕ 500, ಎಂದರೆ ಕ್ರಿ.ಶ. 578. ಕಾರ್ತಿಕ ಹುಣ್ಣಿಮೆಯ ದಿನ ವಿಷ್ಣುವಿನ ಈ ಗುಹಾಲಯವನ್ನು ಮಾಡಿಸಿದ ಪುಣ್ಯವನ್ನು ಅವನು ಅಣ್ಣ ಕೀರ್ತಿವರ್ಮನಿಗೆ ಧಾರೆ ಎರೆದದ್ದನ್ನು ಅದು ಹೇಳುತ್ತದೆ. ನಮ್ಮ ದೇವಾಲಯ ಶಿಲ್ಪದ ಚರಿತ್ರೆಯಲ್ಲಿ ಇಷ್ಟು ಖಚಿತವಾದ ತಾರೀಕು ಸಿಗುವುದು ಅಪರೂಪ. ಅದೇ ಗುಹೆಯ ಹೊರಗಿನ ಬಂಡೆಯ ಮೇಲೆ ಕನ್ನಡದಲ್ಲೇ ಇನ್ನೊಂದು ಪುಟ್ಟ ಶಾಸನವಿದೆ. ಈ ಕಲ್ಮನೆಗೆ, ಎಂದರೆ ಗುಹಾಲಯಕ್ಕೆ, ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದು, ಹೂ ಕಟ್ಟುವ ಮಾಲೆಗಾರರಿಗೆ ಪಾಲು ಇಟ್ಟದ್ದು, ಇದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪ, ಇಷ್ಟೇ ಅದರ ವಿಷಯ. ಹದಿನಾಲ್ಕು ಶತಮಾನಗಳ ಹಿಂದಿನ ಹೂವಾಡಿಗರ ಸಂಬಳದ ಕಾಗದ ಎದುರಿಗಿರುವಾಗ ಸಿನಿಮಾ ಕಥೆ ಯಾರಿಗೆ ಬೇಕು?

ಗುಹೆಯೊಳಗೆ ಬೆಳಕು ಮಂದ. ಕಾವಲಿನವರನ್ನು ಕೇಳಿ ಮೊಬೈಲಿನ ದೀಪವನ್ನು ಗೋಡೆಗೆ ಸಮಾನಾಂತರವಾಗಿ, ಪಕ್ಕದಿಂದ ಹಿಡಿಯಿರಿ. ಎದುರಿನಿಂದ ಹಿಡಿದರೆ ಏನೂ ಕಾಣದು. ಅಕ್ಷರ ಕಾಣಲೆಂದು ನೀರು ಚಿಮುಕಿಸುವವರನ್ನೂ ಸೀಮೆಸುಣ್ಣ ತುಂಬುವವರನ್ನೂ ದಯವಿಟ್ಟು ತಡೆಯಿರಿ. ಇಲ್ಲಿನದು ಮರಳುಗಲ್ಲು, ಅದರ ಪದರ ಉದುರಿದರೆ ಮತ್ತೆ ಬಾರದು. ಕೋತಿಗಳಿಂದ ತಿಂಡಿಯ ಚೀಲ ಕಾಪಾಡಿಕೊಳ್ಳಿ.

ವಸತಿ ವಿಷಯದಲ್ಲಿ ನಮಗೆ ಮೋಸವಾಯಿತು. ಫೋನಿನಲ್ಲಿ 900 ಎಂದು ಒಪ್ಪಿದ ಕೋಣೆಗೆ, ರಾತ್ರಿ ಹತ್ತಕ್ಕೆ ಚೀಲ ಹಿಡಿದು ನಿಂತಾಗ 1,800 ಕೇಳಿದರು. ವಾರಾಂತ್ಯದ ದರ ಎಂಬ ನೆಪ. ಬಿಸಿನೀರು ಬೆಳಗ್ಗೆ ಆರರಿಂದ ಏಳರವರೆಗೆ ಒಂದು ಬಕೆಟ್ ಮಾತ್ರ, ಹಾಸಿಗೆಯ ಹೊದಿಕೆ ಬದಲಿಸಿರಲಿಲ್ಲ. ದರವನ್ನು ಮೊಬೈಲ್ ಸಂದೇಶದಲ್ಲಿ ಬರೆಸಿಕೊಂಡು, ಹಗಲಿರುವಾಗಲೇ ಊರು ತಲುಪಿ. ಮರುದಿನ ಕೆರೆಯ ಕಡೆಯ ಓಣಿಯಲ್ಲಿ 700 ರೂಪಾಯಿಗೆ ಇದಕ್ಕಿಂತ ಚೊಕ್ಕಟವಾದ ಕೋಣೆ ಸಿಕ್ಕಿತು.

ಆ ಓಣಿಯಲ್ಲಿ ಉಳಿದದ್ದರಿಂದ ಅಗಸ್ತ್ಯತೀರ್ಥ ಎಂಬ ಆ ಕೆರೆಯ ಸುತ್ತ ಓಡಾಟ ಸುಲಭವಾಯಿತು. ಭೂತನಾಥ ಗುಡಿಗಳವರೆಗೆ ಎಲ್ಲರೂ ಬರುತ್ತಾರೆ, ಚಿತ್ರ ತೆಗೆದುಕೊಂಡು ತಿರುಗುತ್ತಾರೆ. ನೀವು ಅಲ್ಲಿ ನಿಲ್ಲಬೇಡಿ. ಕೆರೆಯ ಈಶಾನ್ಯದ ಕಡೆ, ತಟ್ಟುಕೋಟೆಯ ಹತ್ತಿರ, ಬಂಡೆಯ ಮೈಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಕಾಲ ಸುಮಾರು ಕ್ರಿ.ಶ. 700. ದಾರಿ ಕೇಳುವಾಗ ಶಾಸನ ಎನ್ನದೆ ಅರಭಟ್ಟನ ಹೆಸರು ಹೇಳಿ, ಬಟ್ಟೆ ಒಗೆಯುವ ಹೆಂಗಸರೇ ಕೈ ತೋರಿಸುತ್ತಾರೆ. ಅಕ್ಕ ಕನ್ನಡ ಮೇಷ್ಟರಾಗಿದ್ದವಳು. ಬಂಡೆಯ ಕೆಳಗೆ ನಿಂತು ಗಟ್ಟಿಯಾಗಿ ಹೇಳಿದಳು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಇದು. ಬೀಸುವಾಗ ಅಜ್ಜಿಯಂದಿರು ಹಾಡುತ್ತಿದ್ದ ಛಂದಸ್ಸು ಇಲ್ಲಿ ಕಲ್ಲಿನಲ್ಲಿದೆ. ರಾಜನ ಹೊಗಳಿಕೆಯಲ್ಲ, ಅರಭಟ್ಟ ಯಾವ ದೇಶದ ದೊರೆಯೂ ಅಲ್ಲ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಯಮ, ಅಷ್ಟೇ. ಇಡೀ ಪ್ರವಾಸದಲ್ಲಿ ಒಂದನ್ನೇ ನೋಡಲು ಸಾಧ್ಯವೆಂದರೆ ನಾನು ಇದನ್ನೇ ಆರಿಸುತ್ತೇನೆ. ನಾವಿದ್ದಷ್ಟು ಹೊತ್ತು ಅಲ್ಲಿಗೆ ಮತ್ತೊಬ್ಬ ಪ್ರವಾಸಿ ಬರಲಿಲ್ಲ.

ಊಟಕ್ಕೆ ಬನಶಂಕರಿಗೆ ಹೋಗಿ. ಬಾದಾಮಿಯಿಂದ ಐದು ಕಿಲೋಮೀಟರ್, ಟಂಟಂ ಸದಾ ಇರುತ್ತದೆ. ಗುಡಿಯ ಎದುರು ಹರಿದ್ರಾತೀರ್ಥದ ಹತ್ತಿರ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಳಿತಿರುತ್ತಾರೆ. ಹೋಟೆಲಿಲ್ಲ, ಫಲಕವಿಲ್ಲ, ಬೆಲೆಪಟ್ಟಿಯಿಲ್ಲ. ಬುಟ್ಟಿಯ ಬಟ್ಟೆ ಸರಿಸಿದರೆ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮಡಕೆ ಕಾಳಿನ ಪಲ್ಯ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರ, ಹಸಿ ಉಳ್ಳಾಗಡ್ಡಿ. ಇವೆಲ್ಲವನ್ನೂ ರೊಟ್ಟಿಯ ಮೇಲೇ ಬಡಿಸಿ ಕೈಗೆ ಕೊಡುತ್ತಾರೆ. ಪಕ್ಕದಲ್ಲಿ ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಮೊಸರು. ಮಣ್ಣು ನೀರು ಕುಡಿದು ಮೊಸರು ಎಷ್ಟು ಗಟ್ಟಿಯಾಗಿರುತ್ತದೆ ಎಂದರೆ ಕುಡಿಕೆ ಬೋರಲು ಹಾಕಿದರೂ ಬೀಳುವುದಿಲ್ಲ. ಪುಂಡಿ ಪಲ್ಯದ ಹುಳಿಯ ಮೇಲೆ ಆ ಮೊಸರು ಕಲಸಿಕೊಂಡು ತಿಂದ ರುಚಿ ಬೆಂಗಳೂರಿನ ಯಾವ ಉತ್ತರ ಕರ್ನಾಟಕದ ಖಾನಾವಳಿಯಲ್ಲೂ ನನಗೆ ಸಿಕ್ಕಿಲ್ಲ. ನಾನು ಎರಡು ರೊಟ್ಟಿಗೆ ಸಾಕು ಎಂದಾಗ ಅಜ್ಜಿ, "ಇಷ್ಟಕ್ಕೇ ಸಾಕೇನು ತಮ್ಮಾ" ಎಂದು ಬೈದು ಮೂರನೆಯದನ್ನು ಹಾಕಿದರು, ಅದಕ್ಕೆ ದುಡ್ಡು ಮುಟ್ಟಲಿಲ್ಲ. ಇಬ್ಬರಿಗೂ ಸೇರಿ 120 ರೂಪಾಯಿ. ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಕೇಳಿದ್ದನ್ನು ಕೊಡಿ. ಬನದ ಹುಣ್ಣಿಮೆಯ ಜಾತ್ರೆಯ ಸಮಯದಲ್ಲಿ, ಎಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಗದ್ದಲ ಆಗದವರು ಈ ಕಡೆ ಸುಳಿಯಬೇಡಿ. ಜಾತ್ರೆಗೆ ಬರುವ ನಾಟಕ ಕಂಪನಿಗಳ ಮೇಲೆ ಪ್ರೀತಿಯಿದ್ದರೆ ಮಾತ್ರ ಆಗಲೇ ಬನ್ನಿ.

ಪಟ್ಟದಕಲ್ಲಿನಲ್ಲಿ ನಮಗೆ ತೊಂದರೆಯೇನೂ ಆಗಲಿಲ್ಲ. ಅಲ್ಲಿ ವಿರೂಪಾಕ್ಷ ಗುಡಿಯಲ್ಲಿ ಶಿಲ್ಪಗಳ ನಡುವೆ ಹೆಸರುಗಳನ್ನು ಹುಡುಕಿ. ಗುಡಿ ಕಟ್ಟಿದ ಅನಿವಾರಿತಾಚಾರಿ ಗುಂಡ, ಶಿಲ್ಪ ಕಡೆದ ಚೆಂಗಮ್ಮ, ಪುಲ್ಲಪ್ಪ, ಎಲ್ಲರೂ ಕಲ್ಲಿನಲ್ಲಿ ಉಳಿದಿದ್ದಾರೆ. ನಮ್ಮ ಶಿಲ್ಪಿಗಳು ಹೆಸರು ಬಿಟ್ಟುಹೋಗಲಿಲ್ಲ ಎಂದು ಭಾಷಣ ಮಾಡುವವರನ್ನು ಇಲ್ಲಿಗೆ ಕರೆತರಬೇಕು.

ನೋಡುವ ಕ್ರಮವೂ ಮುಖ್ಯ. ಮೊದಲು ಬಾದಾಮಿಯ ಮೂರನೆಯ ಗುಹೆ, ನಂತರ ಮೇಗುತಿ. ಆಮೇಲೆ ಮತ್ತೆ ಬಾದಾಮಿಗೆ ಬಂದು ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆ ನೋಡಿ. ಪುಲಿಕೇಶಿಗೆ ಹೆದರಿ ಕಾಂಚಿಯಲ್ಲಿ ಅಡಗಿದರೆಂದು ರವಿಕೀರ್ತಿ ಬರೆದ ಅದೇ ಪಲ್ಲವರ ನರಸಿಂಹವರ್ಮ, 642ರ ಸುಮಾರಿಗೆ ವಾತಾಪಿಯನ್ನು, ಎಂದರೆ ಇದೇ ಬಾದಾಮಿಯನ್ನು, ಗೆದ್ದು ಆ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಸವೆದಿದೆ, ಆದರೂ ನೋಡಲೇಬೇಕು. ಕೊನೆಗೆ ಪಟ್ಟದಕಲ್ಲು. ಆ ಸೋಲಿನ ನೂರು ವರ್ಷಗಳ ನಂತರ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದ, ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಅವನು ಕಾಂಚಿಯನ್ನು ಲೂಟಿ ಮಾಡಲಿಲ್ಲ. ದೇವರ ಸಂಪತ್ತನ್ನು ದೇವರಿಗೇ ಬಿಟ್ಟೆ ಎಂಬ ಅವನ ಕನ್ನಡ ಶಾಸನ ಅಲ್ಲಿನ ಕೈಲಾಸನಾಥ ಗುಡಿಯಲ್ಲಿ ಇದೆ. ಈ ಕ್ರಮ ತಪ್ಪಿದರೆ ಮೂರು ಊರುಗಳೂ ಬಿಡಿಬಿಡಿ ಗುಡಿಗಳ ಗುಂಪಾಗಿಯೇ ಕಾಣುತ್ತವೆ. ಕಾರಿನವರು ದೂರ ಉಳಿಸಲು ಈ ಕ್ರಮವನ್ನೇ ತಲೆಕೆಳಗು ಮಾಡುತ್ತಾರೆ.

ಶಾಸನಗಳ ಪಾಠವನ್ನು ಮನೆಯಲ್ಲೇ ಮುದ್ರಿಸಿಕೊಂಡು ಹೋಗಿ. ಐಹೊಳೆಯ ಶಾಸನದ ಪೂರ್ಣಪಾಠ 'ಎಪಿಗ್ರಾಫಿಯಾ ಇಂಡಿಕಾ' ಎಂಬ ಶಾಸನ ಸಂಪುಟಮಾಲೆಯ 6ನೇ ಸಂಪುಟದಲ್ಲಿದೆ. ಬಾದಾಮಿಯ ಹತ್ತಿರದ ಮಹಾಕೂಟಕ್ಕೆ ಹೋಗುವವರಿಗೆ ಒಂದು ಮಾತು: ಮಂಗಳೇಶನ ಪ್ರಸಿದ್ಧ ಸ್ತಂಭಶಾಸನ ಈಗ ಅಲ್ಲಿಲ್ಲ. ಅದನ್ನು ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಮಹಾಕೂಟದಲ್ಲಿ ಅದನ್ನು ಹುಡುಕುತ್ತಾ ತಿರುಗಬೇಡಿ, ಪುಷ್ಕರಿಣಿಯಲ್ಲಿ ಕಾಲು ತೊಳೆದುಕೊಂಡು ವಿಜಯಪುರದ ಬಸ್ಸು ಹಿಡಿಯಿರಿ.