ಮೂಗಿನೊಳಗಿನ ಗಾಯ ಮಾಯುವ ಮಾದರಿ: ಮೂರನೇ ಹಲಗೆ ಮುಗಿಯಿತು

ತೀರ್ಥಹಳ್ಳಿ ಹತ್ತಿರದ ನಮ್ಮ ಶಾಲೆಯ ವಿಜ್ಞಾನ ಕೋಣೆಗೆ ಮಾಡುತ್ತಿರುವ ಮಾದರಿ ಈಗ ಒಂದು ರೂಪಕ್ಕೆ ಬಂದಿದೆ. ಸೈನಸ್ (ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡು) ಆಪರೇಷನ್ ಆದಮೇಲೆ ಮೂಗಿನ ಒಳಪೊರೆ ಹೇಗೆ ಮಾಯುತ್ತದೆ ಅನ್ನುವುದನ್ನು ನಾಲ್ಕು ಹಲಗೆಗಳಲ್ಲಿ ತೋರಿಸುವ ಕೆಲಸ ಇದು.

ಮೊದಲನೆಯದು ಆರೋಗ್ಯವಾದ ಪೊರೆ. ಮೂಳೆಗೆ ಅಡಿಕೆ ಹಾಳೆ, ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಜೇಡಿಮಣ್ಣಿನ ಜೀವಕೋಶಗಳು. ಮೇಲ್ಪದರದ ಅಳತೆ ನಿಜಕ್ಕಿಂತ ಹತ್ತು ಸಾವಿರ ಪಟ್ಟು. ಕೋಶಗಳ ನೆತ್ತಿಯ ಮೇಲೆ ಸಿಲಿಯಾ ಅನ್ನುವ ಸೂಕ್ಷ್ಮ ಕೂದಲು. ನಿಜದಲ್ಲಿ ಮಿಲಿಮೀಟರಿನ 150ನೇ ಒಂದು ಭಾಗದಷ್ಟು ಉದ್ದ, ಒಂದು ಕೋಶಕ್ಕೆ ಸುಮಾರು 200. ಇದಕ್ಕೆ ಅಡಿಕೆ ಸಿಪ್ಪೆಯ ನಾರೇ ಸರಿ. ನೆನೆಹಾಕಿ, ಬಾಚಿ, ಆರೇಳು ಸೆಂಟಿಮೀಟರಿಗೆ ಕತ್ತರಿಸಿ, ಮಣ್ಣು ಹಸಿ ಇರುವಾಗಲೇ ಚುಚ್ಚಬೇಕು. ಎಲ್ಲವೂ ಒಂದೇ ಕಡೆಗೆ ವಾಲಬೇಕು, ಅದು ಬಹಳ ಮುಖ್ಯ. ಸೆಕೆಂಡಿಗೆ ಹತ್ತಕ್ಕೂ ಜಾಸ್ತಿ ಸಲ ಬಡಿಯುತ್ತಾ ಇವು ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ.

ಕೆನ್ನೆಯ ಸೈನಸ್ಸಿನೊಳಗೂ ಈ ದಾರಿ ಬದಲಾಗುವುದಿಲ್ಲ. ಕೆಳಗೆ ಬೇರೆ ತೂತು ಕೊರೆದರೂ ಲೋಳೆ ತನ್ನ ಹುಟ್ಟು ಬಾಗಿಲಿಗೇ, ಅಂದರೆ ಮೂಗಿಗೆ ತೆರೆಯುವ ಸಹಜ ತೂತಿಗೇ ಹೋಗುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ವಾಲ್ಟರ್ ಮೆಸರ್‌ಕ್ಲಿಂಗರ್ ಈ ದಾರಿಗಳನ್ನು ಕೂತು ಗಮನಿಸಿದವರು. ಮೂಗಿನೊಳಗೆ ತೆಳ್ಳಗಿನ ದರ್ಶಕ ನಳಿಕೆ ತೂರಿಸಿ ಮಾಡುವ ಇವತ್ತಿನ ಎಂಡೋಸ್ಕೋಪಿ ಆಪರೇಷನ್ ಬೆಳೆದಿದ್ದು ಆ ಗಮನದಿಂದಲೇ.

ಎರಡನೇ ಹಲಗೆ ಸುಲಭ. ಮೊದಲ ಒಂದೆರಡು ವಾರದ ಹೆಪ್ಪು, ಹಕ್ಕಳೆ. ಕೆಮ್ಮಣ್ಣು ಸಾಕಾಯಿತು.

ಮೂರನೆಯದೇ ನನಗೆ ತುಂಬಾ ಇಷ್ಟ. ಸ್ಪಂಜಿಗೆ ನೀರು ಕುಡಿಸಿದರೆ ಉಬ್ಬುತ್ತದೆ, ಪೊರೆಯ ಊತ ಅದು. ಇದು ಇಳಿಯಲು ತಿಂಗಳಾದರೂ ಬೇಕು. ಅಷ್ಟರಲ್ಲಿ ಗಾಯದ ಅಂಚಿನಿಂದ ಹೊಸ ಕೋಶಗಳು, ಕೆರೆಗೆ ಪಾಚಿ ಹಬ್ಬುವ ಹಾಗೆ, ಒಳಮುಖವಾಗಿ ಸರಿಯುತ್ತವೆ. ಅವು ಚಪ್ಪಟೆ ಕೋಶಗಳು. ಕೂದಲಿಲ್ಲ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಡಿ ಕೇಳಿದಳು: "ಸಾರ್, ಗಾಯ ಮುಚ್ತಲ್ವಾ? ಇನ್ನೇನು ಬಾಕಿ?"

ಅವಳ ಪ್ರಶ್ನೆಗಾಗಿಯೇ ಈ ಹಲಗೆ. ಮುಚ್ಚಿದ ಪೊರೆ ಇನ್ನೂ ಕೆಲಸ ಮಾಡುವ ಪೊರೆಯಲ್ಲ. ಕೂದಲು ಮೂಡಿ, ಒಟ್ಟಾಗಿ ಬಡಿಯಲು ಕಲಿಯುವುದಕ್ಕೆ ತಿಂಗಳುಗಳೇ ಬೇಕು. ಅಲ್ಲಿವರೆಗೆ ಲೋಳೆ ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ. ಉಸಿರಾಟ ಹಗುರಾದ ಮೇಲೂ ಉಪ್ಪುನೀರಲ್ಲಿ ತೊಳೀರಿ ಅಂತ ಡಾಕ್ಟರು ಹೇಳುವುದು ಸುಮ್ನೆ ಅಲ್ಲ. ಒಂದು ಮಾತು ಹಲಗೆಯ ಮೇಲೇ ದಪ್ಪಕ್ಷರದಲ್ಲಿ ಬರೆದಿದ್ದೇನೆ: ಅಬ್ಬಿ ನೀರು, ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಕುದಿಸಿ ಆರಿಸದೆ ಮೂಗಿಗೆ ಹಾಕಬೇಡಿ. ಮಿದುಳಿಗೆ ಹೋಗುವ ಅಮೀಬಾ ಅಪರೂಪ, ಆದರೆ ಹೋದರೆ ಜೀವ ಉಳಿಯುವುದು ಬಹಳ ಕಷ್ಟ.

ನಾಲ್ಕನೇ ಹಲಗೆಯಲ್ಲಿ ಎರಡು ಭಾಗ. ಒಂದರಲ್ಲಿ ಆಪರೇಷನ್ ವೇಳೆ ಪೊರೆಯ ಮೇಲಷ್ಟೇ ಹೆರೆದು ಬುಡದ ಕೋಶಗಳು ಉಳಿದಿದ್ದವು, ಅಲ್ಲಿ ನಾರು ಮತ್ತೆ ಒತ್ತಾಗಿ ನಿಲ್ಲುತ್ತದೆ. ಇನ್ನೊಂದರಲ್ಲಿ ಮೂಳೆ ಕಾಣುವವರೆಗೆ ಕಿತ್ತಿತ್ತು. ಅಲ್ಲಿ ಗಡಸು ಕಲೆ, ವಿರಳ ನಾರು, ಒಂದೊಂದು ಒಂದೊಂದು ದಿಕ್ಕಿಗೆ. ಪೊರೆಯನ್ನು ಆದಷ್ಟು ಉಳಿಸಿಕೊಂಡು ಆಪರೇಷನ್ ಮಾಡಬೇಕು ಅನ್ನುವುದು ಏಕೆಂದು ಇದನ್ನು ನೋಡಿದರೆ ಮಕ್ಕಳಿಗೂ ಅರ್ಥವಾಗಬೇಕು.

ಈ ಮಳೆಯಲ್ಲಿ ಮಣ್ಣು ಒಣಗುತ್ತಿಲ್ಲ, ಬಚ್ಚಲೊಲೆಯ ಪಕ್ಕ ಇಟ್ಟಿದ್ದೇನೆ. ಒಣಗಿದ ಮೇಲೆ ಎದುರುಬದುರು ಎರಡು ಹಸಿ ಗಾಯ ತಾಗಿ ಅಂಟಿಕೊಳ್ಳುವುದನ್ನೂ ಈ ನಾಲ್ಕನೇ ಹಲಗೆಯಲ್ಲೇ ಒಂದು ಮೂಲೆಯಲ್ಲಿ ಸೇರಿಸಬೇಕು.